ವಿದ್ಯುತ್ ಸ್ಕೂಟರಿನ ಅದುರು ಮತ್ತು ಹಾಲು ಉತ್ಪಾದಕರ ಸೊಂಟ



ಈ ಪುಟದಲ್ಲಿ ಕೆಚ್ಚಲು ಬಾವು, ಕೃತಕ ಗರ್ಭಧಾರಣೆ, ಕರುಗಳ ಪಾಲನೆ, ಹಸಿರು ಮೇವು ಮುಂತಾದ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಸಲ ಹಸುವನ್ನು ಬಿಟ್ಟು ಹಸು ಸಾಕುವವರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಾದದ್ದು ಗರುಡಾಚಾರ್‌ಪಾಳ್ಯದ ಒಂದು ಕೊಟ್ಟಿಗೆ.

ಅಲ್ಲಿನ ಸದಸ್ಯರೊಬ್ಬರ ಸೀಮೆ ಹಸು ಕುಂಟುತ್ತಿದೆಯೆಂದು ಕರೆ ಬಂದಿತ್ತು. ಹೋಗಿ ನೋಡಿದರೆ ಹಸು ಮಾತ್ರವಲ್ಲ, ಯಜಮಾನರೂ ಕುಂಟುತ್ತಿದ್ದರು. ಹಸುವಿನ ಹಿಂಗಾಲು ಎತ್ತಿ ಹಿಡಿಯಿರಿ ಎಂದರೆ ಬಗ್ಗಲಾರರು. ಮಗನನ್ನು ಕೂಗಿ ಕಾಲು ಹಿಡಿಸಿಕೊಂಡೆ. ಕೆಲಸ ಮುಗಿದ ಮೇಲೆ ವಿಚಾರಿಸಿದಾಗ ಅವರು ಹೇಳಿದ್ದು ಇಷ್ಟು: "ಪೆಟ್ರೋಲ್ ಗಾಡಿ ದಡಬಡ ಅಂತಿತ್ತು, ಮೈಕೈ ನೋವು ಬರ್ತದೆ ಅಂತ ಮಾರಿ ಕರೆಂಟ್ ಗಾಡಿ ತಗೊಂಡೆ ಡಾಕ್ಟ್ರೇ. ಇದ್ರಲ್ಲಿ ಸದ್ದೇ ಇಲ್ಲ, ಬೆಣ್ಣೆ ಮೇಲೆ ಹೋದಂಗೆ ಹೋಯ್ತದೆ. ಆದ್ರೂ ಸೊಂಟ ಯಾಕೆ ಹಿಂಗೆ ಹಿಡ್ಕೊಂತು?"

ನಾನು ಮನುಷ್ಯರ ವೈದ್ಯನಲ್ಲ. ಸೊಂಟಕ್ಕೆ ಮೂಳೆ ವೈದ್ಯರನ್ನು ಕಾಣಿ ಎಂದು ಹೇಳಿದೆ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು. ಸದ್ದು ಹೋದ ಮೇಲೆ ಅದುರೂ ಹೋಗಬೇಕಲ್ಲವೇ? ಹೊರಗೆ ನಿಲ್ಲಿಸಿದ್ದ ಗಾಡಿಯನ್ನು ನೋಡಿದೆ. ಹಿಂದಿನ ಕ್ಯಾರಿಯರಿಗೆ ಎರಡೂ ಕಡೆ ಕ್ಯಾನು ತೂಗುಹಾಕುವ ಕಬ್ಬಿಣದ ಕೊಕ್ಕೆ ಬೆಸುಗೆ ಹಾಕಿಸಿದ್ದರು. ಟೈರನ್ನು ಹೆಬ್ಬೆರಳಿನಿಂದ ಒತ್ತಿದರೆ ಕಲ್ಲು ಒತ್ತಿದಂತಿತ್ತು. ಅವರ ಸೊಂಟನೋವಿಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ನಮ್ಮ ಭಾಗದಲ್ಲಿ ವಿದ್ಯುತ್ ಸ್ಕೂಟರು ಹೆಚ್ಚಿರುವುದು ಆಶ್ಚರ್ಯವಲ್ಲ. ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2017ರಲ್ಲಿ. ಮರುವರ್ಷ ಏಥರ್ ಕಂಪನಿ ತನ್ನ ಸ್ಕೂಟರನ್ನು ಮೊದಲು ಮಾರಾಟಕ್ಕೆ ಬಿಟ್ಟದ್ದು ಬೆಂಗಳೂರಿನಲ್ಲಿಯೇ. ಗರುಡಾಚಾರ್‌ಪಾಳ್ಯದ ನೆತ್ತಿಯ ಮೇಲೆ 2023ರಿಂದ ಮೆಟ್ರೋ ರೈಲು ಓಡುತ್ತಿದೆ. ಆದರೆ ಹಾಲಿನ ಕ್ಯಾನನ್ನೂ ಹುಲ್ಲಿನ ಹೊರೆಯನ್ನೂ ಮೆಟ್ರೋದಲ್ಲಿ ಒಯ್ಯಲಾಗದು. ಹೂಡಿ, ಮಹದೇವಪುರ, ಕುಂದಲಹಳ್ಳಿ ಕಡೆ ಇಂದಿಗೂ ಹಸು ಕಟ್ಟಿಕೊಂಡಿರುವ ಮನೆಗಳಿಗೆ ಸ್ಕೂಟರೇ ಎತ್ತು, ಸ್ಕೂಟರೇ ಗಾಡಿ.

ಅದುರು ಎರಡು ಬಗೆ

ಗಾಡಿಯ ಮೇಲೆ ಕುಳಿತವನಿಗೆ ಅದುರು ಎರಡು ಕಡೆಯಿಂದ ಬರುತ್ತದೆ. ಒಂದು ಇಂಜಿನಿನಿಂದ, ಇನ್ನೊಂದು ರಸ್ತೆಯಿಂದ. ಇವೆರಡನ್ನೂ ಒಂದೇ ಎಂದು ತಿಳಿದದ್ದೇ ಯಜಮಾನರು ಮಾಡಿದ ತಪ್ಪು. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ.

ಪೆಟ್ರೋಲ್ ಸ್ಕೂಟರಿನ ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಅದುರುತ್ತದೆ. ಇದು ಸಣ್ಣ, ಬಿರುಸಾದ ಅದುರು. ಹ್ಯಾಂಡಲ್ ಹಿಡಿದ ಬೆರಳಿಗೆ, ಅಂಗಾಲಿಗೆ ಜೋಮು ಹಿಡಿಸುತ್ತದೆ. ಸೊಂಟದವರೆಗೆ ಏರುವುದು ಕಡಿಮೆ, ಏಕೆಂದರೆ ಸೀಟಿನ ಸ್ಪಂಜು ಮತ್ತು ನಮ್ಮ ಮಾಂಸಖಂಡ ಅದನ್ನು ನುಂಗಿಬಿಡುತ್ತವೆ. ವಿದ್ಯುತ್ ಸ್ಕೂಟರಿನಲ್ಲಿ ಈ ಅದುರು ಬಹುಮಟ್ಟಿಗೆ ಇಲ್ಲ. ಇದು ನಿಜವಾದ ಲಾಭ, ಅದನ್ನು ಅಲ್ಲಗಳೆಯಬಾರದು.

ರಸ್ತೆಯ ಕುಲುಕಿನ ಸಂಗತಿಯೇ ಬೇರೆ. ಅದು ನಿಧಾನವಾದದ್ದು, ದೊಡ್ಡದು. ಮನುಷ್ಯ ಕುಳಿತಿರುವಾಗ ಅವನ ಮುಂಡಭಾಗ, ಅಂದರೆ ಬೆನ್ನು, ಹೊಟ್ಟೆ, ಎದೆಗಳು, ಸೆಕೆಂಡಿಗೆ ಸುಮಾರು 4ರಿಂದ 8 ಸಲದ ಮೇಲೆ ಕೆಳಗಿನ ಕುಲುಕಿಗೆ ಹೆಚ್ಚು ಸ್ಪಂದಿಸುತ್ತವೆ. ತೊಟ್ಟಿಲು ತೂಗುವವರಿಗೆ ಇದು ಗೊತ್ತು. ತೊಟ್ಟಿಲು ಹಿಂದಕ್ಕೆ ಬಂದ ಸರಿಯಾದ ಗಳಿಗೆಯಲ್ಲಿ ಒಂದು ಬೆರಳು ತಾಗಿಸಿದರೂ ಸಾಕು, ತೂಗಾಟ ಹೆಚ್ಚುತ್ತ ಹೋಗುತ್ತದೆ. ಹಾಗೆಯೇ ಆ ಲೆಕ್ಕಕ್ಕೆ ಹೊಂದುವ ಕುಲುಕು ಬಂದರೆ ಸೀಟು ಎಷ್ಟು ಏಳುತ್ತದೋ ಅದಕ್ಕಿಂತ ಹೆಚ್ಚಾಗಿ ಬೆನ್ನು ಏಳುತ್ತದೆ.

ಲೆಕ್ಕ ಹಾಕಿ ನೋಡಿ. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ರಸ್ತೆಯಲ್ಲಿ 2 ಮೀಟರಿಗೊಂದು ಏರುತಗ್ಗು ಇದ್ದರೆ ಸೆಕೆಂಡಿಗೆ 5 ಕುಲುಕು. ಬೆನ್ನಿಗೆ ಆಗದ ಲೆಕ್ಕಕ್ಕೆ ಸರಿಯಾಗಿ ಬಂದು ಕೂತಿತು. ಅದೇ ರಸ್ತೆಯಲ್ಲಿ 18ರ ವೇಗದಲ್ಲಿ ಹೋದರೆ ಸೆಕೆಂಡಿಗೆ ಎರಡೂವರೆ ಮಾತ್ರ, ಕುಲುಕಿನ ಜೋರೂ ತಗ್ಗುತ್ತದೆ. ಪೈಪು ಹೂಳಲು ಅಗೆದು ಸಾಲುಸಾಲಾಗಿ ಮುಚ್ಚಿದ ರಸ್ತೆ ನಮ್ಮಲ್ಲಿ ಎಷ್ಟಿದೆಯೆಂದು ಹೇಳಬೇಕಾಗಿಲ್ಲ.

ಈ ಕುಲುಕಿಗೆ ಗಾಡಿ ಪೆಟ್ರೋಲಿನದೋ ಕರೆಂಟಿನದೋ ಎಂಬ ಭೇದವಿಲ್ಲ. ಅದನ್ನು ತಡೆಯುವುದು ಚಕ್ರದ ಗಾತ್ರ, ಟೈರಿನ ಗಾಳಿ, ಶಾಕ್ ಅಬ್ಸಾರ್ಬರ್ ಮತ್ತು ಸವಾರನ ಕೈಹಿಡಿತ ಇಷ್ಟೇ. ಸ್ಕೂಟರಿನ ಚಕ್ರ 10 ಅಥವಾ 12 ಇಂಚಿನದು, ಮೋಟಾರ್ ಸೈಕಲ್ಲಿನದು 17–18 ಇಂಚು. ದೊಡ್ಡ ಚಕ್ರ ಹಾರಿಕೊಂಡು ಹೋಗುವ ಗುಂಡಿಯಲ್ಲಿ ಚಿಕ್ಕ ಚಕ್ರ ಇಳಿದು ಏಳುತ್ತದೆ. ಮೋಟಾರ್ ಸೈಕಲ್ ಸವಾರ ಗುಂಡಿ ಕಂಡಾಗ ಕಾಲೂರಿ ಸೀಟಿನಿಂದ ತುಸು ಎದ್ದು ಹೊಡೆತವನ್ನು ಮೊಣಕಾಲಿಗೆ ಕೊಡಬಹುದು. ಸ್ಕೂಟರಿನಲ್ಲಿ ಕಾಲು ಮುಂದಕ್ಕಿರುವುದರಿಂದ ಹಾಗೆ ಏಳಲು ಬರುವುದಿಲ್ಲ. ಹೊಡೆತ ನೇರ ಕುಂಡಿಗೆ, ಅಲ್ಲಿಂದ ಬೆನ್ನುಮೂಳೆಗೆ.

ವಿದ್ಯುತ್ ಸ್ಕೂಟರಿನಲ್ಲಿ ಇದರ ಮೇಲೆ ಇನ್ನು ಮೂರು ಸಂಗತಿ ಸೇರಿಕೊಳ್ಳುತ್ತವೆ. ಕೆಲವು ಗಾಡಿಗಳಲ್ಲಿ ಮೋಟಾರನ್ನು ಹಿಂದಿನ ಚಕ್ರದ ಗುಂಬದಲ್ಲಿಯೇ ಕೂರಿಸಿರುತ್ತಾರೆ. ಇದಕ್ಕೆ ಹಬ್ ಮೋಟಾರ್ ಎನ್ನುತ್ತಾರೆ. ಆ ತೂಕ ಶಾಕ್ ಅಬ್ಸಾರ್ಬರಿನ ಕೆಳಗೆ ಬರುತ್ತದೆ. ಹಗುರ ಚಪ್ಪಲಿಯಲ್ಲಿ ನಡೆಯುವುದಕ್ಕೂ ಕೆಸರು ಮೆತ್ತಿದ ಗಂಬೂಟಿನಲ್ಲಿ ನಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ನೆನೆಯಿರಿ. ಭಾರವಾದ ಚಕ್ರ ಗುಂಡಿಯ ಏರಿಗೆ ತಾಗಿ ಮೇಲೆದ್ದಾಗ ಅದನ್ನು ಹಿಡಿದು ನಿಲ್ಲಿಸಲು ಸ್ಪ್ರಿಂಗಿಗೆ ಕಷ್ಟ. ಉಳಿದದ್ದು ಸವಾರನ ಪಾಲು. ಹಾಗೆಂದು ಅಂತಹ ಗಾಡಿ ಕೆಟ್ಟದ್ದೆಂದಲ್ಲ. ಬೆಲ್ಟು, ಚೈನಿನ ರಗಳೆ ಅದರಲ್ಲಿಲ್ಲ. ಕೊಳ್ಳುವ ಮುಂಚೆ ಗುಂಡಿ ಬಿದ್ದ ರಸ್ತೆಯಲ್ಲಿ ಓಡಿಸಿ ನೋಡಬೇಕು. ಶೋರೂಮಿನ ಮುಂದಿನ ನುಣುಪು ಡಾಂಬರಿನಲ್ಲಿ ಎಲ್ಲ ಗಾಡಿಯೂ ಒಂದೇ.

ಎರಡನೆಯದು ವೇಗ. ಸದ್ದಿಲ್ಲದ ಗಾಡಿಯಲ್ಲಿ ವೇಗ ಕಿವಿಗೆ ಗೊತ್ತಾಗುವುದಿಲ್ಲ. ಪೆಟ್ರೋಲ್ ಗಾಡಿ ಕಿರುಚಿಕೊಂಡರೆ ನಾವೇ ಕೈ ಸಡಿಲಿಸುತ್ತೇವೆ. ಇಲ್ಲಿ 30 ಎಂದುಕೊಂಡು 45ರಲ್ಲಿ ಹಂಪ್ ಏರಿರುತ್ತೇವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಕಟ್ಟಿದ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅದೂ ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟಲೆಂದು ಮಾಡಿದ ಲೆಕ್ಕ. ನಮ್ಮ ಅಡ್ಡರಸ್ತೆಗಳಲ್ಲಿ ಮನೆಯವರೇ ಹಾಕಿಸಿಕೊಂಡ ಗೇಣಗಲದ ಸಿಮೆಂಟ್ ದಿಂಡಿಗೆ ಯಾವ ನಿಯಮವೂ ಇಲ್ಲ.

ಮೂರನೆಯದು ಟೈರಿನ ಗಾಳಿ. ಗರುಡಾಚಾರ್‌ಪಾಳ್ಯದ ಯಜಮಾನರ ಗಾಡಿಯಲ್ಲಿ ನಡೆದದ್ದು ಇದು. ಗಾಳಿ ಗಟ್ಟಿಯಾಗಿದ್ದರೆ ಒಂದು ಚಾರ್ಜಿಗೆ ಹೆಚ್ಚು ದೂರ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ಅದು ಸುಳ್ಳಲ್ಲ, ಸ್ವಲ್ಪ ದೂರ ಹೆಚ್ಚು ಬರುತ್ತದೆ. ಆದರೆ ಅವರು ಕಂಪನಿ ಬರೆದದ್ದಕ್ಕಿಂತ 15 ಪೌಂಡ್ ಮೇಲೆ ಹೊಡೆಸಿದ್ದರು. ಟೈರು ಗಾಡಿಯ ಮೊದಲ ಶಾಕ್ ಅಬ್ಸಾರ್ಬರು. ಅದನ್ನು ಕಲ್ಲು ಮಾಡಿದರೆ ಚಿಕ್ಕಚಿಕ್ಕ ಜಲ್ಲಿಯೂ ಬೆನ್ನಿಗೆ ಲೆಕ್ಕ ಕೊಡುತ್ತದೆ. ಉಳಿದ ಕರೆಂಟಿನ ಬೆಲೆ ಎರಡು ಮೂರು ರೂಪಾಯಿ ಇರಬಹುದು.

ಕೊಟ್ಟಿಗೆಯ ಸಿಮೆಂಟ್ ನೆಲದ ಮೇಲೆ ದಿನವಿಡೀ ನಿಂತು ಹಸುವಿನ ಗೊರಸು ಕೆಡುತ್ತದೆಂದು ಒಕ್ಕೂಟದವರು ಹೇಳಿ ಹೇಳಿ ಬಹಳ ಸದಸ್ಯರು ಈಗ ರಬ್ಬರ್ ಮ್ಯಾಟ್ ಹಾಸಿದ್ದಾರೆ. ಗೊರಸಿನೊಳಗೆ ಪ್ರಕೃತಿಯೇ ಕೊಟ್ಟ ಮೆತ್ತನೆಯ ದಿಂಡು ಇದ್ದರೂ ಗಟ್ಟಿ ನೆಲಕ್ಕೆ ಅದು ಸಾಲದು. ಹಸುವಿಗೆ ಮ್ಯಾಟ್ ಹಾಸಿದ ಯಜಮಾನರು ತಮ್ಮ ಟೈರನ್ನು ಸಿಮೆಂಟು ಮಾಡಿಕೊಂಡಿದ್ದರು. ನಗಬೇಡಿ, ನನ್ನ ಕಥೆಯೂ ಅಷ್ಟೇ. ವೀರ್ಯನಳಿಕೆಗಳನ್ನಿಡುವ ದ್ರವ ಸಾರಜನಕದ ಜಾಡಿಯೊಳಗೆ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಕೆಳಗಿರುತ್ತದೆ. ಒಳಪಾತ್ರೆ ಕತ್ತಿನಿಂದ ತೂಗುಬಿದ್ದಿರುವುದರಿಂದ ಕುಲುಕಿದರೆ ಕತ್ತು ಬಿರಿಯುತ್ತದೆ, ಸಾರಜನಕವೂ ಬೇಗ ಆವಿಯಾಗುತ್ತದೆ. ಆದ್ದರಿಂದ ವರ್ಷಗಟ್ಟಲೆ ಜಾಡಿಯ ಕೆಳಗೆ ಸ್ಪಂಜು, ಸುತ್ತ ಗೋಣಿಚೀಲ ಸುತ್ತಿ ಬೈಕಿನಲ್ಲಿ ತಿರುಗಿದ್ದೇನೆ. ನನ್ನ ಕತ್ತಿಗೆ ಮಾತ್ರ ಏನೂ ಸುತ್ತಿರಲಿಲ್ಲ.

ಬೆನ್ನಿನೊಳಗೆ ಆಗುವುದೇನು

ಬೆನ್ನುಮೂಳೆಯ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತನೆಯ ಬಿಲ್ಲೆಗಳಿವೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ನೀರು ತುಂಬಿದ ಲೋಳೆ. ದೊಡ್ಡವರಲ್ಲಿ ಈ ಬಿಲ್ಲೆಗೆ ನೇರವಾಗಿ ರಕ್ತನಾಳವಿಲ್ಲ. ಸುತ್ತಲಿನ ಮೂಳೆಯಿಂದ ಆಹಾರ ನಿಧಾನವಾಗಿ ಇಂಗಿ ಬರಬೇಕು. ಆದ್ದರಿಂದ ಒಮ್ಮೆ ನಾರು ಹರಿದರೆ ಮಾಯುವುದು ಬಹಳ ನಿಧಾನ. ಕುಲುಕು ಬಂದಾಗ ಬೆನ್ನಿನ ಸ್ನಾಯುಗಳು ಮಣಿಗಳನ್ನು ಬಿಗಿಹಿಡಿಯಲು ನೋಡುತ್ತವೆ. ಬಹಳ ಹೊತ್ತು ಹೀಗೆ ನಡೆದರೆ ಸ್ನಾಯು ದಣಿಯುತ್ತದೆ, ಹೊಡೆತ ಬಿಲ್ಲೆಯ ಮೇಲೆ ಬೀಳುತ್ತದೆ.

ಟ್ರ್ಯಾಕ್ಟರ್ ಚಾಲಕರ ಬೆನ್ನುಮೂಳೆ ಬೇಗ ಸವೆಯುವುದನ್ನು 1960ರಲ್ಲಿಯೇ ವೈದ್ಯರು ಬರೆದಿಟ್ಟಿದ್ದಾರೆ. ಬೆರಳಿನ ವಿಷಯ ಇನ್ನೂ ಹಳೆಯದು. ಅಮೆರಿಕದ ಇಂಡಿಯಾನದ ಕಲ್ಲುಗಣಿಗಳಲ್ಲಿ ಗಾಳಿಯಂತ್ರದ ಉಳಿ ಹಿಡಿದ ಕಲ್ಲುಕುಟಿಗರ ಬೆರಳು ಚಳಿಯಲ್ಲಿ ಬೆಳ್ಳಗಾಗಿ ಸ್ಪರ್ಶ ಕಳೆದುಕೊಳ್ಳುವುದನ್ನು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1918ರಲ್ಲಿ ಕಂಡು ವರದಿ ಮಾಡಿದರು. ಜಪಾನಿನಲ್ಲಿ ಮೋಟಾರ್ ಸೈಕಲ್ ಮೇಲೆ ಅಂಚೆ ಹಂಚುತ್ತಿದ್ದವರಲ್ಲೂ ಇದೇ ಬಗೆಯ ಬೆರಳಿನ ತೊಂದರೆ ಕಂಡುಬಂದಿತು. ನಮ್ಮ ಹವೆಯಲ್ಲಿ ಬೆರಳು ಬೆಳ್ಳಗಾಗುವುದು ಅಪರೂಪ, ಜೋಮು ಹಿಡಿಯುವುದು ಸಾಮಾನ್ಯ.

ಹಾಲು ಉತ್ಪಾದಕರ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಉಬ್ಬುತ್ತದೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದರ್ಧ ಅಂಗುಲ ಎತ್ತರವಿರುವುದು ಈ ಕಾರಣಕ್ಕೇ. ಎದ್ದ ಮೊದಲ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಆ ನೀರಿನ ಬಹುಪಾಲು ಇಳಿಯುತ್ತದೆ. ಉಬ್ಬಿದ ಬಿಲ್ಲೆ ಬಗ್ಗುವುದನ್ನು ಸಹಿಸುವುದಿಲ್ಲ. ಬಗ್ಗಿದಾಗ ಅದರ ನಾರಿನ ಮೇಲೆ ಬೀಳುವ ಎಳೆತ ಸಂಜೆಗಿಂತ ಬಹಳ ಹೆಚ್ಚು.

ನಮ್ಮ ಸದಸ್ಯರ ಬೆಳಗನ್ನು ನೋಡಿ. ನಾಲ್ಕೂವರೆ, ಐದಕ್ಕೆ ಏಳುವುದು. ಎದ್ದ ಕೂಡಲೇ ಬಗ್ಗಿ ಸಗಣಿ ಬಾಚುವುದು. ಕುಕ್ಕರುಗಾಲಿನಲ್ಲಿ ಕುಳಿತು, ಬೆನ್ನು ಬಿಲ್ಲಿನಂತೆ ಬಾಗಿಸಿ, ಎರಡು ಮೂರು ಹಸು ಕರೆಯುವುದು. ಅಲ್ಲಿಂದೆದ್ದು ತುಂಬಿದ ಕ್ಯಾನನ್ನು ಒಂದೇ ಕೈಯಲ್ಲಿ ಎತ್ತಿ ಗಾಡಿಗೆ ತೂಗುಹಾಕುವುದು. ಸಂಘ ಮುಚ್ಚುತ್ತದೆಂದು ಗುಂಡಿ ಲೆಕ್ಕಿಸದೆ ಓಡಿಸುವುದು. ಸಂಘದ ಮುಂದೆ ಗಾಡಿ ನಿಂತ ಮರುಗಳಿಗೆಯಲ್ಲಿ ಕ್ಯಾನು ಎತ್ತಿ ಇಳಿಸುವುದು. ಬೆನ್ನನ್ನು ಕೆಡಿಸಬೇಕೆಂದೇ ಯಾರಾದರೂ ಕ್ರಮ ಹಾಕಿಕೊಟ್ಟಿದ್ದರೂ ಇದಕ್ಕಿಂತ ಚೆನ್ನಾಗಿ ಹಾಕಲಾಗುತ್ತಿರಲಿಲ್ಲ. ದೂರುವುದು ಮಾತ್ರ ಸ್ಕೂಟರನ್ನು.

ಆದ್ದರಿಂದ ಮೊದಲ ಚಿಕಿತ್ಸೆ ಗಾಡಿಗಲ್ಲ, ಕೆಲಸದ ಸರದಿಗೆ. ಎದ್ದ ಕೂಡಲೇ ಬಗ್ಗುವ ಕೆಲಸಕ್ಕೆ ಹೋಗಬೇಡಿ. ನಿಂತು ಮಾಡುವ ಕೆಲಸ ಮೊದಲಿರಲಿ: ಹುಲ್ಲು ಹಾಕುವುದು, ನೀರು ಬಿಡುವುದು, ಉದ್ದ ಹಿಡಿಯ ಪೊರಕೆಯಿಂದ ಗುಡಿಸುವುದು. ಉದ್ದ ಹಿಡಿಯ ಸಲಿಕೆ ಮಾಡಿಸಿಕೊಳ್ಳಲು ಹೆಚ್ಚು ಖರ್ಚಿಲ್ಲ. ಕರೆಯುವಾಗ ಕುಕ್ಕರುಗಾಲಿಗೆ ಬದಲು ಒಂದು ಗೇಣು ಎತ್ತರದ ಮಣೆಯೋ ಸ್ಟೂಲೋ ಇರಲಿ. ಕರೆದು ಮುಗಿಸಿದ ಮೇಲೆ ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತು, ನಾಲ್ಕು ಹೆಜ್ಜೆ ಓಡಾಡಿ ಆಮೇಲೆ ಕ್ಯಾನು ಎತ್ತಿ. ಸಂಘದ ಮುಂದೆಯೂ ಅಷ್ಟೇ. ಕುಲುಕಿ ದಣಿದ ಬೆನ್ನಿಗೆ ತಕ್ಷಣ ಭಾರ ಹೊರಿಸಬಾರದು. ಸರತಿಯಲ್ಲಿ ಎರಡು ನಿಮಿಷ ನಿಂತು ಮಾತಾಡಿ, ಪಕ್ಕದವರ ಕೈ ಹಿಡಿಸಿ ಇಬ್ಬರಾಗಿ ಇಳಿಸಿ.

ಎಷ್ಟು ಹೊತ್ತು, ಎಷ್ಟು ಜೋರು

ಅದುರನ್ನು ಅಳೆಯುವ ಒಂದು ಕ್ರಮವಿದೆ. ಭೂಮಿಯ ಸೆಳೆತವನ್ನು 9.8 ಎಂದು ಅಳೆಯುವ ಮಾನದಲ್ಲಿಯೇ ಅದುರಿನ ಜೋರನ್ನೂ ಅಳೆಯುತ್ತಾರೆ. ಐ.ಎಸ್.ಓ. 2631 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ 0.315ಕ್ಕಿಂತ ಕಡಿಮೆಯಾದ ಅದುರಿನಲ್ಲಿ ಮನುಷ್ಯನಿಗೆ ಅಹಿತವಾಗುವುದಿಲ್ಲ. 0.8 ದಾಟಿದರೆ ಅಹಿತವೆನಿಸುತ್ತದೆ, 2 ದಾಟಿದರೆ ತಡೆಯಲಾಗದು. ಇದು ಸುಖದ ಲೆಕ್ಕ. ಆರೋಗ್ಯದ ಲೆಕ್ಕಕ್ಕೆ ಜೋರಿನ ಜೊತೆ ಕಾಲವನ್ನೂ ಸೇರಿಸಬೇಕು. ಐರೋಪ್ಯ ಒಕ್ಕೂಟ 2002ರಲ್ಲಿ ಮಾಡಿದ ಕಾನೂನಿನಂತೆ ದುಡಿಮೆಗಾರನ ಮೈಗೆ 8 ಗಂಟೆಯ ಲೆಕ್ಕದಲ್ಲಿ 0.5 ತಲುಪಿದರೆ ಧಣಿ ಎಚ್ಚೆತ್ತು ಕ್ರಮ ಕೈಗೊಳ್ಳಬೇಕು, 1.15 ಮೀರಲೇಬಾರದು.

ಒಂದು ಉದಾಹರಣೆ ನೋಡೋಣ. ಗುಂಡಿ ರಸ್ತೆಯಲ್ಲಿ ಸ್ಕೂಟರಿನ ಸೀಟಿನ ಅದುರು 1 ಎಂದು ಇಟ್ಟುಕೊಳ್ಳಿ. ಸಂಘಕ್ಕೆ ಹೋಗಿ ಬರುವುದು ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೆ 8 ಗಂಟೆಯ ಲೆಕ್ಕಕ್ಕೆ ಅದು 0.25 ಮಾತ್ರ. ಎಚ್ಚರಿಕೆಯ ಗೆರೆಯ ಅರ್ಧ. ಆದ್ದರಿಂದ ಬರೀ ಸಂಘಕ್ಕೆ ಹಾಲು ಹಾಕಿ ಬರುವ ಸದಸ್ಯರು ಸ್ಕೂಟರಿನ ಸಾಮಾನ್ಯ ಅದುರಿಗೆ ಹೆದರಬೇಕಾಗಿಲ್ಲ. ಅವರು ಹೆದರಬೇಕಾದದ್ದು ಒಂದೊಂದೇ ದೊಡ್ಡ ಹೊಡೆತಕ್ಕೆ. ಹೊಡೆತಗಳನ್ನು ಲೆಕ್ಕ ಹಾಕುವ ಸೂತ್ರದಲ್ಲಿ, ಎರಡು ಪಟ್ಟು ಜೋರಾದ ಹೊಡೆತಕ್ಕೆ ಎರಡು ಪಟ್ಟಲ್ಲ, 16 ಪಟ್ಟು ತೂಕ. ನೂರು ಸಣ್ಣ ಗುಂಡಿಗಳಿಗಿಂತ, ವೇಗವಾಗಿ ಹಾರಿಸಿದ ಕೆಲವೇ ಹಂಪ್‌ಗಳು ಹೆಚ್ಚು ಕೆಡುಕು. ತೈವಾನಿನಲ್ಲಿ ದ್ವಿಚಕ್ರ ಸವಾರರ ಮೇಲೆ ಅಳತೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಈ ಹೊಡೆತದ ಲೆಕ್ಕದಲ್ಲಿ ಹೆಚ್ಚಿನವರು ಮಿತಿ ಮೀರಿದ್ದು ಕಂಡುಬಂತು.

ನನಗೆ ನಿಜವಾಗಿ ಚಿಂತೆಯಾಗಿರುವುದು ಯಜಮಾನರ ಬಗ್ಗೆ ಅಲ್ಲ, ಅಂದು ಹಸುವಿನ ಕಾಲು ಹಿಡಿದ ಅವರ ಮಗನ ಬಗ್ಗೆ. 24 ವರ್ಷದ ಹುಡುಗ. ಬೆಳಿಗ್ಗೆ ಅಪ್ಪನಿಗೆ ಹಾಲು ಕರೆದುಕೊಟ್ಟು, ಹತ್ತಕ್ಕೆ ಬಾಡಿಗೆಯ ವಿದ್ಯುತ್ ಸ್ಕೂಟರಿನಲ್ಲಿ ಊಟ, ದಿನಸಿ ತಲುಪಿಸುವ ಕೆಲಸಕ್ಕೆ ಹೊರಟರೆ ರಾತ್ರಿ ಹತ್ತರ ತನಕ. ನಡುವೆ ಸಂಜೆ ಬಂದು ಹಾಲು ಕರೆದು ಹೋಗುತ್ತಾನೆ. ನಮ್ಮ ಸದಸ್ಯರ ಎಷ್ಟೋ ಮನೆಗಳಲ್ಲಿ ಈಗ ಇಂತಹ ಮಕ್ಕಳಿದ್ದಾರೆ. ಅದೇ 1ರ ಅದುರಿನಲ್ಲಿ ದಿನಕ್ಕೆ 10 ಗಂಟೆ ಕುಳಿತರೆ ಲೆಕ್ಕ 1.12ಕ್ಕೆ ಬರುತ್ತದೆ. ಮೀರಬಾರದ ಗೆರೆಯ ಅಂಚು ಅದು. ಬೆನ್ನಿಗೆ ಹೊತ್ತ ಚೀಲ ಬೇರೆ. ಅವನನ್ನು ಕೇಳಿದೆ, "ನಿನಗೆ ನೋವಿಲ್ವೇನಪ್ಪ?" "ರಾತ್ರಿ ಇರ್ತದೆ ಸಾರ್, ಬೆಳಿಗ್ಗೆ ಹೋಗ್ತದೆ" ಎಂದ. ಬೆಳಿಗ್ಗೆಗೆ ಹೋಗುವ ನೋವು ಬೆಳಿಗ್ಗೆಯೂ ಉಳಿಯತೊಡಗಿದರೆ ಅಲ್ಲಿಗೆ ತಡಮಾಡಬಾರದು. ದುಡಿಮೆ ಬಿಡು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಆರ್ಡರಿಗಾಗಿ ಕಾಯುವಾಗ ಗಾಡಿಯ ಮೇಲೇ ಕುಳಿತು ಫೋನು ನೋಡುವ ಬದಲು ಇಳಿದು ನಿಂತುಕೊಳ್ಳುವುದು, ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯುವುದು, ಚೀಲವನ್ನು ಬೆನ್ನಿನಿಂದ ಇಳಿಸಿ ಗಾಡಿಗೆ ಕಟ್ಟುವುದು ಅವನ ಕೈಯಲ್ಲೇ ಇದೆ. ಬೆಳಗಿನ ಕರೆಯುವ ಕೆಲಸವನ್ನು ಮನೆಯವರು ಹಂಚಿಕೊಂಡರೆ ಇನ್ನೂ ಒಳ್ಳೆಯದು.

ಬಸುರಿ ಹೆಣ್ಣುಮಕ್ಕಳ ವಿಷಯವನ್ನೂ ಹೇಳಬೇಕು. ಗೇರು, ಕಿಕ್ಕರಿನ ತೊಂದರೆಯಿಲ್ಲದ ಕಾರಣ ಸಂಘಕ್ಕೆ ಹಾಲು ತರುವ ಎಷ್ಟೋ ತಾಯಂದಿರು ಈಗ ವಿದ್ಯುತ್ ಸ್ಕೂಟರು ಓಡಿಸುತ್ತಾರೆ, ಸಂತೋಷ. ಬಸುರಿನಲ್ಲಿ ಗುಂಡಿ ರಸ್ತೆಯ ಸವಾರಿಯನ್ನೂ ಕ್ಯಾನು ಎತ್ತುವುದನ್ನೂ ಮನೆಯ ಬೇರೆಯವರಿಗೆ ಬಿಡುವುದು ಕ್ಷೇಮ. ವೈದ್ಯರು ಹೇಳಿದಂತೆ ನಡೆಯಿರಿ.

ಭಾರ ಮತ್ತು ಹಾಲು

ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. 20 ಲೀಟರಿನ ಎರಡು ಕ್ಯಾನೆಂದರೆ ಹಾಲೇ 41 ಕಿಲೋ, ಕ್ಯಾನಿನ ತೂಕ ಬೇರೆ. ಅದನ್ನು ಹಿಂದಿನ ಚಕ್ರದ ಆಚೆ ತೂಗುಹಾಕಿದರೆ ಹಿಂದಿನ ಶಾಕ್ ತಳ ಕಚ್ಚುತ್ತದೆ. ತಳ ಕಚ್ಚಿದ ಶಾಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಅಲುಗಾಡುತ್ತದೆ. ಅಲುಗಾಡುವ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತೇವೆ. ಬಿಗಿ ಹಿಡಿದಷ್ಟೂ ಅದುರು ಕೈಗೆ, ಭುಜಕ್ಕೆ ಹೆಚ್ಚು ಏರುತ್ತದೆ. ಕಾಲಿಡುವ ಜಾಗದಲ್ಲಿ ಕ್ಯಾನು ಇಟ್ಟರೆ ಗಾಡಿಯ ತೂಕವೇನೋ ಹದವಾಗಿ ಕೂರುತ್ತದೆ. ಆದರೆ ಕಾಲು ಹೊರಗೆ ಚಾಚಿ, ಬೆನ್ನು ಗೂನು ಮಾಡಿ ಕೂರಬೇಕಾಗುತ್ತದೆ. ಬ್ರೇಕಿನ ಗಳಿಗೆಯಲ್ಲಿ ಕಾಲೂರುವುದೂ ಕಷ್ಟ. ಎರಡೂ ಸರಿಯಲ್ಲ. ನನ್ನ ಅಭಿಪ್ರಾಯದಲ್ಲಿ ಒಂದು ಸಲಕ್ಕೆ ಒಂದೇ ಕ್ಯಾನು, ಹಿಂದಿನ ಸೀಟಿನ ಮೇಲೆ, ಸವಾರನ ಬೆನ್ನಿಗೆ ಹತ್ತಿರವಾಗಿ, ಅಲುಗದಂತೆ ಕಟ್ಟಿ ತರುವುದು ಮೇಲು. ಹೆಚ್ಚು ಹಾಲಿದ್ದರೆ ಅಕ್ಕಪಕ್ಕದ ಮೂವರು ಸೇರಿ ಒಂದು ಆಟೋ ಮಾಡಿಕೊಳ್ಳಬಹುದು. ಕಂಪನಿಯ ಪುಸ್ತಕದಲ್ಲಿ ಗಾಡಿ ಹೊರಬಹುದಾದ ಒಟ್ಟು ಭಾರ ಬರೆದಿರುತ್ತಾರೆ. ಅದರಲ್ಲಿ ಸವಾರನ ತೂಕವೂ ಸೇರಿದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಕುಲುಕಿನಿಂದ ಹಾಲಿಗೂ ನಷ್ಟವಿದೆ. ಅರ್ಧ ತುಂಬಿದ ಕ್ಯಾನು ದಾರಿಯುದ್ದಕ್ಕೂ ಕುಲುಕಿದರೆ ಮಜ್ಜಿಗೆ ಕಡೆದಂತೆ ಕೊಬ್ಬಿನ ಕಣಗಳು ಒಡೆದು ಕೂಡಿಕೊಳ್ಳುತ್ತವೆ, ಮುಚ್ಚಳಕ್ಕೂ ಅಂಚಿಗೂ ಮೆತ್ತುತ್ತವೆ. ಸಂಘದಲ್ಲಿ ತೆಗೆದ ಮಾದರಿಯಲ್ಲಿ ಕೊಬ್ಬು ಕಡಿಮೆ ಬರುತ್ತದೆ. ನೊರೆ ಕೂಡಿದ ಹಾಲಿನಲ್ಲಿ ಲ್ಯಾಕ್ಟೋಮೀಟರೂ ಕಡಿಮೆ ತೋರಿಸುತ್ತದೆ. ಪರೀಕ್ಷಕರ ಮೇಲೆ ಸಿಟ್ಟಾಗುವ ಮುನ್ನ ಕ್ಯಾನಿನ ಮುಚ್ಚಳ ತಿರುಗಿಸಿ ನೋಡಿ. ಹಾಲಿಗೆ ತಕ್ಕ ಗಾತ್ರದ ಕ್ಯಾನು ಬಳಸಿ ಕಂಠದವರೆಗೆ ತುಂಬಿದರೆ ಕುಲುಕಲು ಜಾಗವಿರುವುದಿಲ್ಲ. ಇನ್ನೊಂದು ಮಾತು: ವಿದ್ಯುತ್ ಸ್ಕೂಟರಿನಲ್ಲಿ ಕೈ ಬಿಟ್ಟ ಕೂಡಲೇ ಮೋಟಾರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಕರೆಂಟ್ ತುಂಬಿಸುವ ವ್ಯವಸ್ಥೆ ಕೆಲವಲ್ಲಿ ಇದೆ. ಒಮ್ಮೆಲೇ ಕೈ ಬಿಟ್ಟರೆ ಸವಾರನೂ ಮುಂದಕ್ಕೆ ವಾಲುತ್ತಾನೆ, ಹಾಲೂ ವಾಲುತ್ತದೆ. ಮೆಲ್ಲನೆ ಬಿಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಗಾಡಿಯ ಮಟ್ಟಿಗೆ ಮಾಡಬೇಕಾದದ್ದು ಹೆಚ್ಚಿಲ್ಲ. ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ, ಕಂಪನಿ ಬರೆದಷ್ಟೇ ಗಾಳಿ ಹೊಡೆಸಿ. ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ಸ್ಪ್ರಿಂಗನ್ನು ಬಿಗಿ ಸಡಿಲ ಮಾಡುವ ಉಂಗುರವಿದ್ದರೆ ನಿಮ್ಮ ನಿತ್ಯದ ಭಾರ ಹೇಳಿ ಮೆಕ್ಯಾನಿಕ್ಕಿನಿಂದ ಹೊಂದಿಸಿಕೊಳ್ಳಿ. ಶಾಕ್‌ನಲ್ಲಿ ಎಣ್ಣೆ ಸೋರಿದ ಗುರುತು ಕಂಡರೆ ಬದಲಿಸಬೇಕು. ಸೀಟಿನ ಮೇಲೆ ಮೆತ್ತನೆಯ ದಿಂಬು ಹಾಕಿಕೊಂಡರೆ ಸಾಕೆಂದು ಕೆಲವರು ತಿಳಿದಿದ್ದಾರೆ. ದಿಂಬು ಸಣ್ಣ ಅದುರನ್ನು ತಡೆಯುತ್ತದೆ, ದೊಡ್ಡ ಕುಲುಕಿಗೆ ಅದೇ ಕುಣಿದು ಇನ್ನಷ್ಟು ಎತ್ತಿಹಾಕುತ್ತದೆ.

ಬೆರಳಿನ ಜೋಮಿಗೆ ಪಶುವೈದ್ಯನಾಗಿ ಒಂದು ಕಾರಣ ಹೇಳುತ್ತೇನೆ. ಹೆಬ್ಬೆರಳು ಮಡಚಿ ಮೊಲೆತೊಟ್ಟು ಹಿಂಡುವ ಅಭ್ಯಾಸ ನಮ್ಮಲ್ಲಿ ಬಹಳ. ಅದರಿಂದ ತೊಟ್ಟಿಗೆ ಗಾಯವಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆಂದು ಎಷ್ಟೋ ಸಲ ಹೇಳಿದ್ದೇವೆ. ಕರೆಯುವವರ ಹೆಬ್ಬೆರಳಿನ ಗಿಣ್ಣಿಗೂ ಮುಂಗೈಗೂ ಅದು ಒಳ್ಳೆಯದಲ್ಲ. ಆ ಕೈಯಿಂದಲೇ ಹ್ಯಾಂಡಲ್ ಬಿಗಿಹಿಡಿದು ಕುಲುಕುತ್ತ ಹೋದರೆ ಜೋಮು ಬಾರದೆ ಇನ್ನೇನು? ಐದೂ ಬೆರಳು ಸುತ್ತಿ ಮುಷ್ಟಿಯಿಂದ ಕರೆಯಿರಿ, ಹ್ಯಾಂಡಲನ್ನು ಸಡಿಲವಾಗಿ, ಮೊಣಕೈ ತುಸು ಬಾಗಿಸಿ ಹಿಡಿಯಿರಿ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು ತಿಳಿದಿರಬೇಕು. ಸೊಂಟದ ನೋವು ತೊಡೆಯ ಹಿಂದಿನಿಂದ ಮೀನಖಂಡ, ಪಾದದವರೆಗೆ ಇಳಿದರೆ, ಪಾದ ಎತ್ತಲು ಬಲವಿಲ್ಲದೆ ಚಪ್ಪಲಿ ಜಾರಿದರೆ, ಮೂರು ನಾಲ್ಕು ವಾರವಾದರೂ ನೋವು ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಗಾಡಿಯ ಸೀಟು ತಾಗುವ ಜಾಗದಲ್ಲಿ ಸ್ಪರ್ಶ ತಿಳಿಯದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಅಂದೇ ಹೋಗಬೇಕು. ನರ ಒತ್ತಿಹೋಗಿರುತ್ತದೆ, ಗಂಟೆಗಳ ಲೆಕ್ಕ. ನೋವಿನ ಸ್ಥಳವನ್ನು ತುಳಿಸಿಕೊಳ್ಳುವುದು, ಎಳೆಸಿಕೊಳ್ಳುವುದು ಬೇಡ. ಮೆಡಿಕಲ್ ಅಂಗಡಿಯ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯೂ ಮೂತ್ರಪಿಂಡವೂ ಕೆಡುತ್ತವೆ. ಹಸುವಿಗೆ ತಂದ ಮುಲಾಮನ್ನು ತಾವು ಹಚ್ಚಿಕೊಳ್ಳುವವರನ್ನೂ ಕಂಡಿದ್ದೇನೆ, ಅದು ಬೇಡ.

ಗರುಡಾಚಾರ್‌ಪಾಳ್ಯಕ್ಕೆ ಎರಡು ತಿಂಗಳ ನಂತರ ಮತ್ತೆ ಹೋಗಿದ್ದೆ. ಹಸುವಿನ ಕುಂಟು ಹೋಗಿತ್ತು. ಯಜಮಾನರು ಟೈರಿನ ಗಾಳಿ ಇಳಿಸಿದ್ದರು, ಕಬ್ಬಿಣದ ಕೊಕ್ಕೆಗಳನ್ನು ತೆಗೆಸಿದ್ದರು, ಹಾಲು ಕರೆಯಲು ಪ್ಲಾಸ್ಟಿಕ್ ಸ್ಟೂಲ್ ತಂದಿದ್ದರು. ನೋವು ಪೂರ್ತಿ ಹೋಗಿಲ್ಲ, ವೈದ್ಯರು ಹೇಳಿದ ವ್ಯಾಯಾಮ ನಡೆದಿದೆ. ಆದರೆ ಹಸುವಿನ ಕಾಲು ಈ ಸಲ ಅವರೇ ಹಿಡಿದರು. ಮಗನ ಸ್ಕೂಟರಿನ ಗಾಳಿಯನ್ನೂ ನೋಡಿದೆವು. ಅವನದು ಬಾಡಿಗೆ ಗಾಡಿ, ಗಾಳಿ ಇರಬೇಕಾದ ಅರ್ಧದಷ್ಟೂ ಇರಲಿಲ್ಲ. ಚಕ್ರದ ಅಂಚು ಒಂದು ಕಡೆ ಗುಂಡಿಗೆ ಬಡಿದು ನೆಗ್ಗಿತ್ತು. ಅಂದು ಸಂಜೆಯೇ ಗಾಡಿ ಬದಲಿಸಿಕೊಂಡು ಬರುವುದಾಗಿ ಹೇಳಿ ಹೊರಟ.